ಮೇಟ್ರನಮ್ಮನ ಬಾಯಿ

ಮೂವತ್ತಾರು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ದುಡಿದು, ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ಮೇಟ್ರನ್ ಆಗಿ ಡಾಕ್ಟರುಗಳನ್ನೂ ಆಯಾಗಳನ್ನೂ ಒಂದೇ ಸಮನೆ ಕುಣಿಸಿದ ಹೆಂಗಸಿಗೆ, ಮನುಷ್ಯರ ಬಗ್ಗೆ ತನಗೆ ತಿಳಿಯದ್ದು ಏನೂ ಉಳಿದಿಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ. ನಿವೃತ್ತಿಯಾದ ಮೇಲೂ ಬೀದಿಯವರು ಆಕೆಯನ್ನು ಮೇಟ್ರನಮ್ಮ ಎಂದೇ ಕರೆಯುತ್ತಿದ್ದರು. ಕರೆಯುತ್ತಿದ್ದರು ಅನ್ನುವುದಕ್ಕಿಂತ, ಆಕೆ ಎದುರಿಗೆ ಬರುವುದು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು ಅನ್ನುವುದೇ ಸರಿ.

ಮಗು ಹುಟ್ಟಿ ಮೊದಲ ಸಲ ಅತ್ತಾಗಲೇ ಅದು ಮುಂದೆ ಏನಾಗುತ್ತದೆಂದು ಹೇಳಬಲ್ಲೆ ಎಂಬುದು ಮೇಟ್ರನಮ್ಮನ ಸಿದ್ಧಾಂತ. ತೊಟ್ಟಿಲುಗಳ ಸಾಲಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತ, ಇದು ಮೊಂಡು, ಇದು ಅಳುಮುಂಜಿ, ಇದು ಅಪ್ಪನಂತೆಯೇ ಸುಳ್ಳುಬುರುಕ ಎಂದು ತೀರ್ಪು ಕೊಡುತ್ತಿದ್ದಳು. ಆ ಮಕ್ಕಳು ಆಮೇಲೆ ಏನಾದವೆಂದು ನೋಡಲು ಒಂದು ಸಲವೂ ಹೋದವಳಲ್ಲ. ಹಾಗಾಗಿ ಆಕೆಯ ಒಂದು ತೀರ್ಪೂ ಸುಳ್ಳಾಗಿರಲಿಲ್ಲ.

ಇಂಥ ತಾಯಿಗೆ ಹುಟ್ಟಿದ ಒಬ್ಬಳೇ ಮಗಳು ಮೆತ್ತನೆಯ ಸ್ವಭಾವದವಳು. ಹವಾಮಾನ ಕಚೇರಿಯಲ್ಲಿ ಗಾಳಿಯ ವೇಗ, ಮಳೆಯ ಅಳತೆ ಬರೆದಿಡುವ ಕೆಲಸ. ಮನೆಯ ಹವಾಮಾನವನ್ನು ಹುಟ್ಟಿದಾಗಿನಿಂದ ಗಮನಿಸಿ ಗಮನಿಸಿ ಆ ಕೆಲಸಕ್ಕೆ ತಯಾರಾಗಿಬಿಟ್ಟಿದ್ದಳು. ಅಳಿಯನದು ಕನ್ನಡಕದ ಅಂಗಡಿ. ದಿನವಿಡೀ ಗಾಜು ಉಜ್ಜಿ, ಉಳಿದ ಹೊತ್ತಿನಲ್ಲಿ ಪುಸ್ತಕ ಓದುವವನು. ಮದುವೆಯಾಗಿ ಹತ್ತು ವರ್ಷ ಕಳೆದರೂ ಮಕ್ಕಳಾಗದೆ, ಇಬ್ಬರೂ ಅನಾಥಾಲಯದಿಂದ ನಾಲ್ಕು ವರ್ಷದ ಒಂದು ಹೆಣ್ಣುಮಗುವನ್ನು ತರುವ ನಿರ್ಧಾರ ಮಾಡಿದರು. ತಾಯಿಯನ್ನು ಕೇಳಿದ್ದು ನಿರ್ಧಾರ ಮಾಡಿದ ಮೇಲೆ. ಗಂಡ ಹೆಂಡತಿ ಇಬ್ಬರಿಗೂ ಅಂಗಡಿಯಲ್ಲಿ ಒಂದು ಪರದೆ ಬಟ್ಟೆ ಆರಿಸಿ ತರಲು ಬರುವುದಿಲ್ಲ, ಇನ್ನು ಮಗು ಆರಿಸುತ್ತಾರಂತೆ ಎಂದು ಮೇಟ್ರನಮ್ಮ ಗೋಡೆಗೆ ಹೇಳಿದಳು. ಮನೆಯಲ್ಲಿ ಆಕೆ ಹೇಳುವುದನ್ನೆಲ್ಲ ಗೋಡೆಗೇ ಹೇಳುವುದು. ಅಲ್ಲಿಂದ ಅದು ಯಾರಿಗೆ ತಗಲಬೇಕೋ ಅವರಿಗೆ ತಗಲುತ್ತಿತ್ತು.

ಮಗು ಬಂದ ದಿನ ಊಟದ ಮೇಜಿನ ಕೆಳಗೆ ಹೊಕ್ಕು ಕೂತುಬಿಟ್ಟಿತು. ಮಗಳು ಬಗ್ಗಿ ಬಗ್ಗಿ ಕರೆದಳು. ಅಳಿಯ ನೆಲದ ಮೇಲೆ ಮಲಗಿ ಕರೆದ. ಮೇಟ್ರನಮ್ಮ ಇವರ ಅವತಾರ ಐದು ನಿಮಿಷ ನೋಡಿ, ಕೈ ಹಾಕಿ ಮಗುವನ್ನು ಎಳೆದು ಹೊರಗೆ ನಿಲ್ಲಿಸಿದಳು. ವಾರ್ಡಿನಲ್ಲಿ ಮಾಡುತ್ತಿದ್ದಂತೆ ಉಗುರು ನೋಡಿದಳು, ಕಿವಿ ಮಡಚಿ ನೋಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಹಲ್ಲು ನೋಡೋಣವೆಂದು ಬೆರಳು ಹಾಕಿದಾಗ ಮಗು ಬಾಯಿ ಮುಚ್ಚಿತು. ಬೆರಳು ಒಳಗೇ ಇತ್ತು.

“ರಕ್ತ” ಎಂದಳು ಮೇಟ್ರನಮ್ಮ ಮಗಳ ಕಡೆ ತಿರುಗಿ.

ಮಗಳು ಗಾಬರಿಯಿಂದ ಹತ್ತಿ ತರಲು ಓಡಿದಳು. ಆದರೆ ಮೇಟ್ರನಮ್ಮ ಹೇಳಿದ್ದು ಬೆರಳಿನ ವಿಷಯವಲ್ಲ, ಮಗು ಹುಟ್ಟಿನಿಂದ ತಂದ ರಕ್ತದ ವಿಷಯ. ಅಂದೇ ಆಕೆ ಮಗುವಿಗೆ ಕಿಡಿ ಎಂದು ಅಡ್ಡಹೆಸರಿಟ್ಟಳು. ಅದೇ ನಿಂತಿತು.

ಮಗಳು, ಅಳಿಯ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಕಿಡಿಯನ್ನು ನೋಡಿಕೊಳ್ಳುವ ಹೊಣೆ ಅಜ್ಜಿಯದಾಯಿತು. ಬೇರೆ ಯಾರಿಗೂ ಇದು ಆಗುವ ಕೆಲಸವಲ್ಲ ಎಂದು ಆಕೆಯೇ ಮೈಮೇಲೆ ಎಳೆದುಕೊಂಡಳು. ಕಿಡಿ ಬ್ರೆಡ್ಡಿನ ತುಂಡುಗಳನ್ನು ದಿಂಬಿನ ಕೆಳಗೆ, ಷೂ ಒಳಗೆ, ರೇಡಿಯೋದ ಹಿಂದೆ ಬಚ್ಚಿಡುತ್ತಿದ್ದಳು. ಅವು ಹಸಿರುಗಟ್ಟಿ ನಾರುವಾಗ ಮೇಟ್ರನಮ್ಮ ಒಂದೊಂದನ್ನೇ ಇಕ್ಕಳದಲ್ಲಿ ಎತ್ತಿ, ಕಳ್ಳರ ಪೈಕಿ ಎಂದು ಗೋಡೆಗೆ ಹೇಳುತ್ತಿದ್ದಳು. ಯಾರಾದರೂ ತಲೆ ಸವರಲು ಹೋದರೆ ಕಿಡಿ ಕುರ್ಚಿ ಎತ್ತಿ ಎಸೆಯುತ್ತಿದ್ದಳು. ಪರದೆಗಳನ್ನು ಕತ್ತರಿಸಿದಳು. ಒಂದು ಸಲ ಅಜ್ಜಿಯನ್ನು ಬಚ್ಚಲಮನೆಯಲ್ಲಿ ಕೂಡಿ ಚಿಲಕ ಹಾಕಿ, ಹೊರಗೆ ಕೂತು ಪೂರ್ತಿ ಒಂದು ಡಬ್ಬ ಬಿಸ್ಕತ್ತು ತಿಂದಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಉತ್ತರವಿಲ್ಲ. ಹೊಡೆದರೂ ಅಳು ಇಲ್ಲ.

ಮಗಳು ಒಬ್ಬ ಆಪ್ತಸಲಹೆಗಾರ್ತಿಯನ್ನು ಗೊತ್ತುಮಾಡಿದಳು. ಮೇಟ್ರನಮ್ಮನ ಪ್ರಕಾರ ಆ ಹೆಂಗಸಿಗೆ ಇದ್ದ ಒಂದೇ ಯೋಗ್ಯತೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ “ಹೂಂ” ಅನ್ನುವುದು. ನಲವತ್ತು ಮಕ್ಕಳ ನಡುವೆ ತಟ್ಟೆಗಾಗಿ ಕಾದು ಬೆಳೆದ ಮಗು ಊಟ ಬಚ್ಚಿಡುವುದು ಸಹಜ ಎಂದು ಆಕೆ ವಿವರಿಸಿದಳು. ಹಾಗಾದರೆ ನಲವತ್ತು ಮಕ್ಕಳೂ ಬಚ್ಚಿಡುತ್ತವೆಯೋ ಎಂದು ಮೇಟ್ರನಮ್ಮ ಕೇಳಿದಳು. ಹೆಚ್ಚುಕಡಿಮೆ ಹೌದು ಎಂದು ಆಕೆ ಹೇಳಿದ್ದನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಸಲಹೆಗಾರ್ತಿಯ ಮಾತಿನಂತೆ ಗೋಡೆಗೆ ಒಂದು ನೀಲಿ ಪಟ್ಟಿ ಬಂತು. ಹಲ್ಲುಜ್ಜಿದರೆ ಒಂದು ಬಂಗಾರದ ನಕ್ಷತ್ರ, ಇಡೀ ದಿನ ಯಾರನ್ನೂ ಕಚ್ಚದಿದ್ದರೆ ಎರಡು. ಕಿಡಿ ಒಂದು ಮಧ್ಯಾಹ್ನ ಇದ್ದಬದ್ದ ನಕ್ಷತ್ರಗಳನ್ನೆಲ್ಲ ಕಿತ್ತು, ನಿದ್ದೆ ಹೋಗಿದ್ದ ಅಜ್ಜಿಯ ಹಣೆಗೆ ಅಂಟಿಸಿದಳು. ಮೇಟ್ರನಮ್ಮ ಅದೇ ಹಣೆಯಲ್ಲಿ ಪೋಸ್ಟಾಫೀಸಿಗೆ ಹೋಗಿ, ಸಾಲಿನಲ್ಲಿ ನಿಂತು, ಗುಮಾಸ್ತನಿಗೆ ಬೈದು ಮನೆಗೆ ಬಂದಳು. ಯಾರೂ ಹೇಳುವ ಧೈರ್ಯ ಮಾಡಿರಲಿಲ್ಲ.

ಕಿಡಿಯಲ್ಲಿ ಒಳ್ಳೆಯದೇನೂ ಇರಲಿಲ್ಲ ಎಂದಲ್ಲ. ಲೆಕ್ಕಕ್ಕೆ ತಿಣುಕಿದರೂ ಓದುವುದನ್ನು ಬೇಗ ಕಲಿತಳು. ಸುಳ್ಳು ಹೇಳಿದರೂ ಇನ್ನೊಬ್ಬರ ಮೇಲೆ ಹೊರಿಸುತ್ತಿರಲಿಲ್ಲ. ಅವೆಲ್ಲ ಮೇಟ್ರನಮ್ಮನ ದೃಷ್ಟಿಯಲ್ಲಿ ಮನೆಯ ಶಿಸ್ತಿನ ಫಲ. ಕೆಟ್ಟದ್ದು ಮಾತ್ರ ಹೊರಗಿನಿಂದ ಬಂದ ರಕ್ತ. ಈ ವಿಂಗಡಣೆ ಬಹಳ ಅನುಕೂಲದ್ದಾಗಿತ್ತು. ಯಾವ ಪರೀಕ್ಷೆಯಲ್ಲೂ ಮೇಟ್ರನಮ್ಮ ಫೇಲಾಗುವಂತಿರಲಿಲ್ಲ.

ಇನ್ನು ಮೇಟ್ರನಮ್ಮನ ಬಾಯಿಯ ವಿಷಯ. ಬೈಗುಳ ಎಂದರೆ ಆಕೆಗೆ ಕೊಳಕು ಮಾತಲ್ಲ. ಕೊಳಕು ಮಾತು ಆಡುವವರನ್ನು ಕಂಡರೆ ಆಕೆಗೆ ಹೇಸಿಗೆ. ಆಕೆಯದು ಇಸ್ತ್ರಿ ಮಾಡಿದ ಬೈಗುಳ. ಕಲೆಯಿಲ್ಲ, ಸುಕ್ಕಿಲ್ಲ, ಅಂಚು ಮಾತ್ರ ಕೊಯ್ಯುತ್ತಿತ್ತು. ಒಮ್ಮೆ ನಲ್ಲಿ ರಿಪೇರಿಯವನು ಮೂರನೇ ಸಲ ಬಂದು ಮೂರನೇ ಸಲವೂ ನಲ್ಲಿಯನ್ನು ಸೋರಲು ಬಿಟ್ಟು ಹೊರಟಾಗ, ಆತನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಸ್ವರ ಏರಿಸದೆ, ನಿನ್ನಂಥವನಿಗೆ ನಮ್ಮ ವಾರ್ಡಿನಲ್ಲಿ ಬೆಡ್‌ಪ್ಯಾನ್ ತೊಳೆಯುವ ಕೆಲಸವನ್ನೂ ಕೊಡುತ್ತಿರಲಿಲ್ಲ, ಪ್ಯಾನಿಗೆ ಅವಮಾನವಾಗುತ್ತದೆ ಎಂದಳು. ಅಷ್ಟು ದೊಡ್ಡ ಗಂಡಸಿನ ಕಣ್ಣಲ್ಲಿ ನೀರು ಬಂತು. ಮೇಲಿನ ಮೆಟ್ಟಿಲಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದ ಕಿಡಿಯ ತುಟಿಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಪಾಠ ಬಾಯಿಪಾಠ ಮಾಡುತ್ತಿರಬೇಕು ಎಂದುಕೊಂಡಳು ಮೇಟ್ರನಮ್ಮ. ಅದು ನಿಜವೇ ಆಗಿತ್ತು.

ಕಿಡಿಗೆ ಹತ್ತು ವರ್ಷವಾದಾಗ ಪಕ್ಕದ ಮನೆಯ ಹುಡುಗಿಯೊಬ್ಬಳ ಮುಂದಿನ ಹಲ್ಲು ಮುರಿಯಿತು. ಮುರಿದದ್ದು ಕಿಡಿ. ಅವಳನ್ನು ಹೆತ್ತವಳು ಎಂಥ ರಾಕ್ಷಸಿ ಇರಬಹುದು ಎಂದು ಕಣ್ಣಾರೆ ನೋಡಿ, ಮಗಳು ಅಳಿಯನ ಬಾಯಿ ಒಂದೇ ಸಲಕ್ಕೆ ಮುಚ್ಚಿಸಬೇಕು ಎಂದು ಮೇಟ್ರನಮ್ಮನಿಗೆ ಅನ್ನಿಸಿದ್ದು ಆಗಲೇ. ಆಸ್ಪತ್ರೆಯಲ್ಲಿ ಆಕೆಯ ಕೈಕೆಳಗೆ ಇದ್ದ ಗುಮಾಸ್ತೆಯೊಬ್ಬಳು ಈಗ ಆ ಅನಾಥಾಲಯದ ಕಚೇರಿಯಲ್ಲಿದ್ದಳು. ಹೇಳಬಾರದ ವಿಷಯ ಅದು, ಕೇಳಬಾರದ ವಿಷಯವೂ ಹೌದು. ಆದರೆ ಹಳೆಯ ಹೆದರಿಕೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಫೋನಿನಲ್ಲಿ ಮೇಟ್ರನಮ್ಮನ ಸ್ವರ ಕೇಳಿದ್ದೇ ಗುಮಾಸ್ತೆ ಎದ್ದು ನಿಂತು ಹೆತ್ತವಳ ಹೆಸರು, ಕೆಲಸದ ಜಾಗದ ವಿಳಾಸ ಹೇಳಿದಳು.

ಅದು ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಹಬೆ ತುಂಬಿದ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಗುಡುಗುವ ಯಂತ್ರಗಳು. ಆಸ್ಪತ್ರೆಯೊಂದರ ಹಾಸಿಗೆ ಹೊದಿಕೆಗಳ ವಿಷಯ ಮಾತಾಡಬೇಕಿತ್ತು ಎಂದು ಸುಳ್ಳು ಹೇಳಿ ಮೇಟ್ರನಮ್ಮ ಒಳಗೆ ಹೋದಳು. ರಾಕ್ಷಸಿ ಇಸ್ತ್ರಿ ಮೇಜಿನ ಬಳಿ ಇದ್ದಳು. ಸಣಕಲು ಹೆಂಗಸು, ವಯಸ್ಸು ಮೂವತ್ತೂ ಆಗಿರಲಾರದು. ಮೇಟ್ರನಮ್ಮ ದಾರಿಗೆ ಅಡ್ಡ ನಿಂತಿದ್ದಕ್ಕೆ ಅವಳೇ ಕ್ಷಮೆ ಕೇಳಿದಳು. ಹೊದಿಕೆ ನೋಡಲು ಮೇಟ್ರನಮ್ಮ ಕೈ ಚಾಚಿದರೆ, ಬಿಸಿ ಇದೆ, ಕ್ಷಮಿಸಿ ಎಂದಳು. ಹಿಂದೆ ಸರಿಯುವಾಗ ಮೇಜಿಗೆ ಸೊಂಟ ತಗಲಿತು. ಅವಳು ಮೇಜಿಗೂ ಕ್ಷಮಿಸಿ ಎಂದಳು. ಮೇಟ್ರನಮ್ಮ ಕಾಲು ಗಂಟೆ ನಿಂತು, ಬೇಕೆಂದೇ ಮೂರು ಚುಚ್ಚುಮಾತು ಆಡಿ ನೋಡಿದಳು. ಒಂದಕ್ಕೂ ಕಿಡಿ ಹಾರಲಿಲ್ಲ. ಒದ್ದೆ ಕಟ್ಟಿಗೆಗೆ ಬೆಂಕಿಕಡ್ಡಿ ಗೀರಿದ ಹಾಗಾಯಿತು.

ಇಡೀ ದಾರಿ ಮೇಟ್ರನಮ್ಮನಿಗೆ ಮೋಸಹೋದ ಸಿಟ್ಟು. ಆದರೆ ಆಕೆ ಸಿದ್ಧಾಂತವನ್ನು ಬಸ್ಸಿನಲ್ಲಿ ಬಿಟ್ಟು ಇಳಿಯುವವಳಲ್ಲ. ಮನೆ ಬರುವ ಹೊತ್ತಿಗೆ ಸರಿ ಮಾಡಿಕೊಂಡಿದ್ದಳು. ಅಪ್ಪನ ರಕ್ತ. ಅಪ್ಪ ಯಾರೆಂದು ಯಾವ ದಾಖಲೆಯಲ್ಲೂ ಇರಲಿಲ್ಲ. ಅದೂ ಅನುಕೂಲವೇ ಆಯಿತು. ಲಾಂಡ್ರಿಗೆ ಹೋಗಿದ್ದನ್ನು ಯಾರಿಗೂ ಹೇಳಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ಶಾಲೆಯಿಂದ ಫೋನ್ ಬಂತು. ಮಗಳು ಊರಾಚೆಯ ಗುಡ್ಡದ ಮೇಲೆ ಗಾಳಿ ಅಳೆಯುವ ಯಂತ್ರ ನೋಡಲು ಹೋಗಿದ್ದಳು, ಅಳಿಯ ಅಂಗಡಿ ಬಿಡುವಂತಿರಲಿಲ್ಲ. ಮೇಟ್ರನಮ್ಮ ಬೂಟು ಹಾಕಿಕೊಂಡು ಹೊರಟಳು. ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕಿಡಿ ನೆಟ್ಟಗೆ ಕೂತಿದ್ದಳು. ಅಜ್ಜಿಯನ್ನು ನೋಡಿ ಜರುಗಿ ಜಾಗ ಮಾಡಿದಳು.

ನಡೆದದ್ದು ಇಷ್ಟು. ವಿಜ್ಞಾನದ ಮೇಷ್ಟ್ರು ವಂಶವಾಹಿಯ ಪಾಠ ಮಾಡಿ, ಒಂದು ಹಾಳೆ ಕೊಟ್ಟು, ನಿಮ್ಮ ಯಾವ ಅಂಗ ಮನೆಯಲ್ಲಿ ಯಾರಿಂದ ಬಂದಿದೆ ಎಂದು ತುಂಬಿಸಿ ತನ್ನಿ ಎಂದಿದ್ದರು. ಕಿಡಿಯ ಹಾಳೆ ಈಗ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿತ್ತು. ಕಣ್ಣು: ಗೊತ್ತಿಲ್ಲ. ಮೂಗು: ಗೊತ್ತಿಲ್ಲ. ಕೂದಲು: ಗೊತ್ತಿಲ್ಲ. ಬಾಯಿ: ಅಜ್ಜಿಯದು. ಕೊನೆಯ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ತಪ್ಪು ಹಾಕಿತ್ತು. ಮೇಷ್ಟ್ರು ಅದನ್ನು ಇಡೀ ತರಗತಿಗೆ ಓದಿ ಹೇಳಿ ನಕ್ಕಿದ್ದರು. ಅವಳು ಸಾಕಿದ ಮಗು, ಅವಳಿಗೆ ಇದು ಅನ್ವಯಿಸುವುದಿಲ್ಲ, ಪಾಪ ಬಿಟ್ಟುಬಿಡಿ ಎಂದಿದ್ದರು. ಅದಕ್ಕೆ ಕಿಡಿ ಎದ್ದು ನಿಂತು ಏನೋ ಹೇಳಿದ್ದಳು. ಮೇಷ್ಟ್ರು ಅರ್ಧ ದಿನ ರಜೆ ಹಾಕಿ ಮನೆಗೆ ಹೋಗಿದ್ದರು.

ಆ ಮಾತನ್ನು ಬಾಯಿಬಿಟ್ಟು ಹೇಳಲು ಮುಖ್ಯೋಪಾಧ್ಯಾಯಿನಿಗೆ ಸಂಕೋಚ. ಬರೆದಿಟ್ಟ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ತಳ್ಳಿದರು. ಮೇಟ್ರನಮ್ಮ ಕನ್ನಡಕ ಏರಿಸಿ ಓದಿದಳು. ‘ನಿಮ್ಮಂಥವರಿಗೆ ನಮ್ಮ ವಾರ್ಡಿನಲ್ಲಿ ಬೆಡ್‌ಪ್ಯಾನ್ ತೊಳೆಯೋ ಕೆಲಸಾನೂ ಕೊಡ್ತಿರಲಿಲ್ಲ, ಪ್ಯಾನಿಗೆ ಅವಮಾನ ಆಗುತ್ತೆ.’

ಮೊದಲು ಅನ್ನಿಸಿದ್ದು, ನಾಚಿಕೆಯಿಲ್ಲದೆ ಹೇಳುವುದಾದರೆ, ಹೆಮ್ಮೆ. ಎಷ್ಟು ಸರಿಯಾದ ಜಾಗಕ್ಕೆ ಬಿದ್ದಿದೆ ಎಂದು.

ಮುಖ್ಯೋಪಾಧ್ಯಾಯಿನಿ ನಿಟ್ಟುಸಿರು ಬಿಟ್ಟು, ಸ್ವರ ತಗ್ಗಿಸಿ, ನೆಂಟರ ಮನೆಯಲ್ಲಿ ಮಾತಾಡುವವರಂತೆ ಮೇಜಿನ ಮೇಲೆ ಬಾಗಿದರು. “ನಿಮ್ಮ ತಪ್ಪು ಅಂತ ನಾನು ಹೇಳಲ್ಲ. ನೀವೆಲ್ಲ ಎಷ್ಟು ಒಳ್ಳೆ ಜನ. ಆದ್ರೆ ಇಂಥ ಮಕ್ಕಳ ಒಳಗಿರೋ ರಕ್ತ ಎಲ್ಲಿಂದ ಬಂದಿರುತ್ತೋ, ಏನು ಮಾಡೋಕಾಗುತ್ತೆ?”

ಏಳು ವರ್ಷ ಮೇಟ್ರನಮ್ಮ ಗೋಡೆಗೆ ಹೇಳಿದ ಮಾತೇ ಅದು. ಆದರೆ ಇನ್ನೊಬ್ಬರ ಬಾಯಿಂದ, ಅದೂ ತುಟಿಗೆ ಕರುಣೆ ಬಳಿದುಕೊಂಡ ಬಾಯಿಂದ ಕೇಳಿದಾಗ ಅದು ಎಂಥ ದಡ್ಡ ಮಾತು ಅನ್ನಿಸಿತು. ತೆರೆದಿದ್ದ ಬಾಗಿಲಿನಾಚೆ ಬೆಂಚಿನಿಂದ ಎರಡು ಕಾಲುಗಳು ಕಾಣುತ್ತಿದ್ದವು. ಅವು ಅಲ್ಲಾಡುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದವು.

“ರಕ್ತಕ್ಕೆ ಬೆಡ್‌ಪ್ಯಾನ್ ಅಂದ್ರೇನು ಅಂತ ಗೊತ್ತಿರಲ್ಲ” ಎಂದಳು ಮೇಟ್ರನಮ್ಮ. “ಅದು ನನ್ನ ಮಾತು. ನಲ್ಲಿ ರಿಪೇರಿಯವನಿಗೆ ಹೇಳಿದ್ದು. ನಿನ್ನ ಅನ್ನೋದನ್ನ ನಿಮ್ಮ ಮಾಡಿದ್ದು ಬಿಟ್ರೆ ಇವಳು ಒಂದಕ್ಷರ ಹೆಚ್ಚುಕಡಿಮೆ ಮಾಡಿಲ್ಲ.”

ಮುಖ್ಯೋಪಾಧ್ಯಾಯಿನಿ ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡು ಮಡಚಿಟ್ಟರು. ಕಿಡಿ ಒಂದು ವಾರ ಶಾಲೆಗೆ ಬರುವ ಹಾಗಿಲ್ಲ ಎಂದರು.

ಬಸ್‌ಸ್ಟಾಪಿನಲ್ಲಿ ಕಿಡಿ “ಅಜ್ಜಿ, ತಪ್ಪು ಹಾಕಿದ್ರಲ್ಲ. ತಪ್ಪಾ ಅದು?” ಎಂದು ಕೇಳಿದಳು.

“ವಿಜ್ಞಾನದಲ್ಲಿ ತಪ್ಪು.”

“ಮತ್ತೆ ಎಲ್ಲಿ ಸರಿ?”

ಮೇಟ್ರನಮ್ಮ ಬಸ್ಸು ಬಂತೇ ಎಂದು ರಸ್ತೆಯ ಕಡೆ ಬಗ್ಗಿ ನೋಡಿದಳು. ಅಷ್ಟರಲ್ಲಿ ತಡವಾಗಿ ಬಂದ ಬಸ್ಸಿನ ಕಂಡಕ್ಟರನಿಗೆ ನಾಲ್ಕು ಮಾತು ಹೇಳೋಣವೆಂದು ಬಾಯಿ ತೆರೆದಳು. ಪಕ್ಕದಲ್ಲಿ ಕಿಡಿ ಕತ್ತೆತ್ತಿ ಅಜ್ಜಿಯ ತುಟಿಗಳನ್ನೇ ನೋಡುತ್ತಿರುವುದು ಕಂಡಿತು. ಬಾಯಿ ಮುಚ್ಚಿ ಬಸ್ ಹತ್ತಿದಳು. ಹಾಗೆ ಮುಚ್ಚಿದ ಬಾಯಿ ಎಷ್ಟು ನೋಯುತ್ತದೆ ಎಂಬುದು ಆಕೆಗೆ ಅಂದೇ ಗೊತ್ತಾದದ್ದು.

ಸಂಜೆ ಮಗಳು, ಅಳಿಯ ಬಂದ ಮೇಲೆ ಮೇಟ್ರನಮ್ಮ ಶಾಲೆಯ ವಿಷಯ ಹೇಳಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾಕೋ ಲಾಂಡ್ರಿಯ ವಿಷಯವನ್ನೂ ಹೇಳಿಬಿಟ್ಟಳು. ಅಳಿಯ ಕನ್ನಡಕ ತೆಗೆದು ಒರೆಸುತ್ತ ಕೂತ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮಗಳು ಮಾತ್ರ ಬಿಳಿಚಿಕೊಂಡಳು. ನಲವತ್ನಾಲ್ಕು ವರ್ಷದಲ್ಲಿ ತಾಯಿಯ ಮುಂದೆ ಅವಳು ಸ್ವರ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ.

“ನಿನ್ನ ಹೊಟ್ಟೇಲಿ ಹುಟ್ಟಿದವಳು ನಾನು. ನಿನ್ನದೇ ರಕ್ತ. ನಿನ್ನ ಬಾಯಿ ನನಗೆ ಯಾಕೆ ಬರಲಿಲ್ಲ ಗೊತ್ತಾ ಅಮ್ಮ? ತೆರೆಯೋಕೆ ನೀನು ಬಿಡಲಿಲ್ಲ. ಅವಳು ನೀನು ಬಿಡೋ ತನಕ ಕಾಯಲಿಲ್ಲ, ಅಷ್ಟೇ ವ್ಯತ್ಯಾಸ.”

ನಾಳೆಯಿಂದ ಕಿಡಿಯನ್ನು ನೋಡಿಕೊಳ್ಳುವುದು ಬೇಡ ಎಂದೂ ಹೇಳಿದಳು. ಮೇಟ್ರನಮ್ಮ ಗೋಡೆಯ ಕಡೆ ನೋಡಿದಳು. ಗೋಡೆಗೆ ಹೇಳುವಂಥದ್ದು ಒಂದೂ ಬಾಯಿಗೆ ಬರಲಿಲ್ಲ.

ಕಿಡಿಯನ್ನು ಸಂಜೆ ಹೊತ್ತು ಒಂದು ಮಕ್ಕಳ ಕೇಂದ್ರಕ್ಕೆ ಹಾಕಿದರು. ಅಲ್ಲಿನ ಮೇಲ್ವಿಚಾರಕಿಯನ್ನು ಒಂಬತ್ತನೇ ದಿನ ಉಗ್ರಾಣದಲ್ಲಿ ಕೂಡಿಹಾಕಿದ ಮೇಲೆ ಕೇಂದ್ರದವರೇ ಕರೆತಂದು ಬಿಟ್ಟುಹೋದರು. ಬಾಗಿಲು ತೆಗೆದವಳು ಮೇಟ್ರನಮ್ಮ. ಎಷ್ಟು ಹೊತ್ತು ಕೂಡಿಹಾಕಿದ್ದೆ ಎಂದು ಕೇಳಿದಳು. ಇಪ್ಪತ್ತು ನಿಮಿಷ ಎಂದಳು ಕಿಡಿ. ಮರುದಿನದಿಂದ ಕಿಡಿ ಮತ್ತೆ ಅಜ್ಜಿಯ ಪಾಲಿಗೇ ಬಂದಳು.

ಅಂದಿನಿಂದ ಮನೆಯಲ್ಲಿ ಎಲ್ಲ ಸರಿಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೇಟ್ರನಮ್ಮ ರಕ್ತ ಎನ್ನುವುದನ್ನು ಬಿಟ್ಟಳು ನಿಜ. ಅದರ ಬದಲು ವಯಸ್ಸು ಎನ್ನತೊಡಗಿದಳು. ಕಿಡಿ ಲೆಕ್ಕದಲ್ಲಿ ಎರಡು ಸಲ ಫೇಲಾದಳು. ಹದಿನಾಲ್ಕರಲ್ಲಿ ಮನೆ ಬಿಟ್ಟು ಹೋಗಿ, ಒಂದಿಡೀ ಹಗಲು ಬಸ್ ನಿಲ್ದಾಣದಲ್ಲಿ ಕೂತು, ಯಾವ ಬಸ್ಸೂ ಹಿಡಿಸದೆ ವಾಪಸ್ಸು ಬಂದಳು. ಬ್ರೆಡ್ಡು ಬಚ್ಚಿಡುವುದು ನಿಂತದ್ದು ಹದಿನಾರರಲ್ಲಿ. ಮಗಳು ಅಷ್ಟು ವರ್ಷವೂ ವಾರಕ್ಕೊಮ್ಮೆ ಅವಳ ಷೂ ಒಳಗಿನ ಹಳೆಯ ತುಂಡು ತೆಗೆದು ಹೊಸದು ಇಡುತ್ತಿದ್ದಳು, ಒಂದು ಮಾತೂ ಆಡದೆ. ಮೇಟ್ರನಮ್ಮನಿಗೆ ಇದು ತಿಳಿದದ್ದು ಬಹಳ ತಡವಾಗಿ. ಇಂಥ ಕೆಲಸ ತನ್ನಿಂದ ಆಗುತ್ತಿರಲಿಲ್ಲ ಎಂದು ಆಕೆಗೆ ಹೊಳೆದದ್ದೂ ಆಗಲೇ.

ಹದಿನೆಂಟು ತುಂಬಿದ ವಾರ ಕಿಡಿ ಹೆತ್ತವಳನ್ನು ನೋಡಬೇಕು ಎಂದಳು. ಮಗಳು ಅನಾಥಾಲಯದ ಕಚೇರಿಗೆ ಅರ್ಜಿ ಕೊಟ್ಟಳು, ಆ ಕಡೆಯಿಂದ ಒಪ್ಪಿಗೆ ಬಂತು. ಕಿಡಿ, ಮಗಳು ಇಬ್ಬರೇ ಹೊರಟರು. ಮೇಟ್ರನಮ್ಮನನ್ನು ಕರೆಯಲಿಲ್ಲ, ಆಕೆ ಕೇಳಲೂ ಇಲ್ಲ. ಅವರು ಬರುವವರೆಗೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ತೊಳೆದು, ಮತ್ತೆ ಏರಿಸಿದಳು.

ಮೂರು ಗಂಟೆಗೆ ಬಂದವಳೇ ಕಿಡಿ ನೀರು ಕುಡಿದು ತನ್ನ ಕೋಣೆಗೆ ಹೋದಳು. ಮಗಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದಳು. ಅದೇ ಲಾಂಡ್ರಿಯ ಇಸ್ತ್ರಿ ಮೇಜಿನ ಹತ್ತಿರವೇ ಭೇಟಿಯಂತೆ. ಹೆತ್ತವಳು ಯಾವುದೋ ಹೊದಿಕೆಯ ಒಂದು ಅಂಚು ಕೊಟ್ಟಳಂತೆ, ಕಿಡಿ ಹಿಡಿದುಕೊಂಡಳಂತೆ. ಇಬ್ಬರೂ ಸೇರಿ ಹತ್ತಿಪ್ಪತ್ತು ಹೊದಿಕೆ ಮಡಚಿದರಂತೆ. ಅಷ್ಟರಲ್ಲಿ ಲಾಂಡ್ರಿಯ ಫೋರ್‌ಮನ್ ಬಂದು, ಮಾತಾಡಲು ಬಂದಿದ್ದೀಯೋ ದುಡಿಯಲು ಬಂದಿದ್ದೀಯೋ ಎಂದು ಆಕೆಗೆ ಜೋರು ಮಾಡಿದ. ಆಕೆ ಕ್ಷಮಿಸಿ, ಕ್ಷಮಿಸಿ ಎನ್ನುತ್ತ ಕುಗ್ಗಿಹೋದಳು. ಕಿಡಿ ಹೊದಿಕೆಯನ್ನು ಮೇಜಿನ ಮೇಲಿಟ್ಟು ಫೋರ್‌ಮನ್ ಮುಂದೆ ಹೋಗಿ ನಿಂತಳು.

“ಏನಂದಳು?” ಎಂದು ಕೇಳಿದಳು ಮೇಟ್ರನಮ್ಮ.

“ಅದನ್ನ ನಾನು ಹೇಳಲ್ಲ. ನಿನಗೆ ಖುಷಿಯಾಗಿಬಿಡುತ್ತೆ. ಅವನು ಮಾತ್ರ ಬಂದ ದಾರೀಲೇ ಹೋದ.”

ಕಿಡಿ ಮಾತಾಡುವಷ್ಟು ಹೊತ್ತೂ ಆಕೆ ಹೆದರಿ ಅವಳ ತೋಳು ಹಿಡಿದು ಜಗ್ಗುತ್ತಿದ್ದಳಂತೆ. ಫೋರ್‌ಮನ್ ಬಾಗಿಲು ದಾಟಿದ ಮೇಲೆ ಮುಖಕ್ಕೆ ಕೈ ಅಡ್ಡ ಹಿಡಿದು ನಗತೊಡಗಿದಳಂತೆ. “ಅದು ಕಿಡಿಯ ನಗುನೇ ಅಮ್ಮ. ಸದ್ದೇ ಇಲ್ಲ, ಭುಜ ಮಾತ್ರ ಕುಣಿಯುತ್ತೆ. ಕೊನೇಲಿ ಒಂದು ಬಿಕ್ಕಳಿಕೆ. ಇಬ್ಬರೂ ಎದುರು ಬದುರು ನಿಂತು ಹಾಗೇ ನಗ್ತಾ ಇದ್ರು. ನನಗೆ ನೋಡೋಕಾಗದೆ ಹೊರಗೆ ಬಂದುಬಿಟ್ಟೆ.” ಮಗಳು ಎದ್ದು ಮುಖ ತೊಳೆಯಲು ಹೋದಳು.

ಮೇಟ್ರನಮ್ಮ ಕಿಡಿಯ ನಗುವನ್ನು ನೆನಪಿಸಿಕೊಳ್ಳಲು ನೋಡಿದಳು. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು, ಅವಳು ಕಚ್ಚುವುದು ಗೊತ್ತು, ಒದೆಯುವುದು ಗೊತ್ತು, ಸುಳ್ಳು ಹೇಳುವಾಗ ಎಡ ಕಿವಿ ಮುಟ್ಟಿಕೊಳ್ಳುವುದು ಗೊತ್ತು. ನಗು ನೆನಪಾಗಲಿಲ್ಲ. ತನ್ನ ಮುಂದೆ ಅವಳು ನಕ್ಕಿದ್ದಳೋ ಇಲ್ಲವೋ ಎಂಬುದೂ ನೆನಪಾಗಲಿಲ್ಲ. ಸಾವಿರಾರು ಹೆಂಗಸರಿಗೆ ಹೆರಲು ಹೇಳಿಕೊಟ್ಟವಳಿಗೆ ಒಬ್ಬ ಹುಡುಗಿಯನ್ನು ನಗಿಸುವುದು ಹೇಗೆಂದು ತಿಳಿದಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಎದ್ದು ಕಿಡಿಯ ಕೋಣೆಗೆ ಹೋದಳು. ಕಿಡಿ ಷೂ ಕೂಡ ಬಿಚ್ಚದೆ ಹಾಸಿಗೆಯ ಮೇಲೆ ಅಂಗಾತ ಬಿದ್ದಿದ್ದಳು. ಮೇಟ್ರನಮ್ಮ ಷೂ ವಿಷಯ ಎತ್ತಲಿಲ್ಲ. ಹಾಸಿಗೆಯ ತುದಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಅವಳಿಜವಳಿ ಮಕ್ಕಳನ್ನು ಅದಲುಬದಲು ಮಾಡಿದ ಒಬ್ಬ ಡಾಕ್ಟರನ ಕತೆ ಹೇಳಿದಳು. ನಡುವೆ ಒಂದು ಕಡೆ ತಪ್ಪಿತು, ಹಿಂದಕ್ಕೆ ಹೋಗಿ ಮತ್ತೆ ಹೇಳಿದಳು.

ಕಿಡಿ ಕತೆ ಮುಗಿಯುವವರೆಗೆ ಸೂರು ನೋಡುತ್ತ ಕೇಳಿದಳು.

“ಚೆನ್ನಾಗಿಲ್ಲ” ಎಂದಳು. “ಇನ್ನೊಂದು ಹೇಳು.”